ಕೌದಿ, ಅವರೆ ಮತ್ತು ಮಾಗಿಯ ಓದು

ಬೆಂಗಳೂರಿನ ಚಳಿಗೆ ಚರಿತ್ರೆಯಲ್ಲಿ ಒಂದು ತಾರೀಖು ಉಂಟು. 1884ರ ಜನವರಿ 13ರಂದು ಇಲ್ಲಿಯ ಉಷ್ಣಮಾನ 7.8 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿತ್ತು. ನಗರದ ದಾಖಲೆಯಲ್ಲಿ ಅದಕ್ಕಿಂತ ಕಡಿಮೆಯ ಅಂಕಿ ಇಲ್ಲ. ಅದೇ ವರ್ಷ ಊರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿಯೊಂದು ಹುಟ್ಟಿತು. 1886ರಲ್ಲಿ ಬಿನ್ನಿ ಕಂಪನಿಯ ಕೈಸೇರಿ ಜನರ ಬಾಯಲ್ಲಿ ಬಿನ್ನಿ ಮಿಲ್ಲಾಯಿತು. ಇವೆರಡೂ ಒಂದೇ ವರ್ಷ ಕೂಡಿಬಂದುದು ಕಾಕತಾಳೀಯ. ಗಿರಣಿಗೆ ಲೆಕ್ಕಪತ್ರಗಳಿದ್ದವು, ಆದ್ದರಿಂದ ಅದಕ್ಕೆ ಚರಿತ್ರೆಯೂ ಉಂಟು. ಆದರೆ ಅಂಥ ಚಳಿಯನ್ನು ಹಳೆಯ ಬಟ್ಟೆಯ ಹೊದಿಕೆಯಿಂದಲೂ ಬಿಸಿ ಸಾರಿನಿಂದಲೂ ಕಳೆದ ಸಾವಿರಾರು ಮನೆಗಳ ಚರಿತ್ರೆಯನ್ನು ಬರೆದಿಟ್ಟವರು ಯಾರು?

ನಾನಿರುವ ಮೂಡಲಪಾಳ್ಯ ಆ ಗಿರಣಿಯಿದ್ದ ಜಾಗಕ್ಕೆ ಪಡುವಣದಲ್ಲಿದೆ. ಪೇಟೆಯಿಂದ ನೋಡಿದರೆ ದಿಕ್ಕು ಪಡುವಣ, ಹೆಸರು ಮಾತ್ರ ಮೂಡಲ. ಹೆಸರಿಟ್ಟವರು ಪೇಟೆಯವರಲ್ಲ, ಇನ್ನೂ ಪಡುವಣದಲ್ಲಿ ನಿಂತು ನೋಡಿದ ಹಳ್ಳಿಗರೆಂದು ಊಹಿಸಬಹುದು. ಈಗ ಇಲ್ಲಿ ಹೊಲವಿಲ್ಲ, ಬೀದಿಗಳಿವೆ. ಮಾಗಡಿಯ ಕಡೆಯವರೂ ಗದಗಿನ ಕಡೆಯ ನಾವೂ ಅಕ್ಕಪಕ್ಕದಲ್ಲಿ ವಾಸವಾಗಿದ್ದೇವೆ. ಮಾಗಿ ಬಂತೆಂದರೆ ಅವರ ಮನೆಯಿಂದ ಅವರೆ ಬರುತ್ತದೆ, ನಮ್ಮ ಮನೆಯಲ್ಲಿ ಕೌದಿ ಬಿಚ್ಚಿಕೊಳ್ಳುತ್ತದೆ.

ಅವರೆಯು ಚಳಿಗಾಲಕ್ಕೇ ಬರುವುದಕ್ಕೆ ಕಾರಣವುಂಟು. ನಾಟಿ ಅವರೆ ಹಗಲು ಗಿಡ್ಡವಾದಾಗಲೇ ಹೂ ಬಿಡುವ ಬಳ್ಳಿ. ಹೆಬ್ಬಾಳದ ಕೃಷಿ ವಿಜ್ಞಾನಿಗಳು ಈ ಕಟ್ಟನ್ನು ಮೀರಿ ಎಲ್ಲ ಕಾಲಕ್ಕೂ ಕಾಯುವ ತಳಿಗಳನ್ನು ಬೆಳೆಸಿದ್ದಾರೆ. ಆದರೂ ಇಬ್ಬನಿ ಬೀಳದೆ ಸೊಗಡಿಲ್ಲ ಎನ್ನುವವರ ನಂಬಿಕೆ ಅಲುಗಿಲ್ಲ. ಕಾಳನ್ನು ನೆನೆಹಾಕಿ, ಒಂದೊಂದನ್ನೇ ಹಿದುಕಿ, ಸಿಪ್ಪೆ ಜಾರಿಸಿ ಬೇಳೆ ತೆಗೆಯುವುದು ಒಬ್ಬರಿಂದಾಗುವ ಕೆಲಸವಲ್ಲ; ಮನೆಮಂದಿಯೆಲ್ಲ ಸುತ್ತ ಕೂರಬೇಕು. ಬೆಂದಕಾಳೂರೇ ಬೆಂಗಳೂರಾಯಿತೆಂದು ಹನ್ನೆರಡನೆಯ ಶತಮಾನದ ವೀರಬಲ್ಲಾಳನ ಹೆಸರಿನಲ್ಲಿ ಒಂದು ಕಥೆಯಿದೆ. ಸುಮಾರು 890ರ ಬೇಗೂರು ಶಾಸನದಲ್ಲೇ ಬೆಂಗಳೂರಿನ ಹೆಸರು ಬಂದಿರುವುದರಿಂದ ಕಥೆ ನಿಲ್ಲದು. ಆದರೂ ಊರಿನ ಹುಟ್ಟಿಗೆ ಕತ್ತಿಯನ್ನಲ್ಲ, ಮುದುಕಿಯೊಬ್ಬಳು ನೀಡಿದ ಬೆಂದ ಕಾಳನ್ನು ಕಾರಣವಾಗಿ ಕಲ್ಪಿಸಿದ ಜನರ ಮನಸ್ಸು ದೊಡ್ಡದು.

ಇನ್ನು ಕೌದಿ. ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಸಾಲು ಸಾಲಾಗಿ ಹೊಲಿದದ್ದು. ಪದರಗಳ ನಡುವೆ ನಿಂತ ಗಾಳಿಯೇ ಅದರ ಬೆಚ್ಚಗಿನ ಗುಟ್ಟು. ಹೊದೆಯುವುದು ಮಾಗಿಯಲ್ಲಾದರೂ ನಮ್ಮ ಕಡೆ ಹೊಲಿಯುವುದು ಸುಗ್ಗಿ ತೀರಿದ ಬೇಸಗೆಯ ಬಿಡುವಿನಲ್ಲಿ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದು, ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂವಿಡುತ್ತಾರೆ. ಹೂವಿಲ್ಲದ ಹೊದಿಕೆ ಅವರ ಕಣ್ಣಿಗೆ ಬೆತ್ತಲೆ. ನಮ್ಮ ಹಳೆಯ ಸಾಹಿತ್ಯದಲ್ಲಿ ತೇಪೆಯ ಬಟ್ಟೆಗೆ ಕಂಥೆಯೆಂದು ಹೆಸರು; ಅದು ವಿರಕ್ತನ ಉಡುಪು. ವಿರಕ್ತನ ಕಂಥೆ ಕಾವ್ಯಕ್ಕೆ ಹೋಯಿತು, ಗೃಹಿಣಿಯ ಕೌದಿ ಮನೆಯ ಮೂಲೆಯಲ್ಲೇ ಉಳಿಯಿತು.

ಮಾಗಿಯ ರಾತ್ರಿ ಆ ಕೌದಿಯೊಳಗೆ ಕಾಲುಚಾಚಿ ಕುಳಿತು ನಾನು ಓದುತ್ತಿದ್ದುದು ಕುಮಾರವ್ಯಾಸನನ್ನು. 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಮೈಸೂರು ಸರ್ಕಾರವು ಸುಲಭ ಬೆಲೆಗೆ ಹೊರತಂದ ಕರ್ಣಾಟ ಭಾರತ ಕಥಾಮಂಜರಿ ನಮ್ಮ ಅಜ್ಜನಲ್ಲಿತ್ತು. ನಾನು ಓದುವೆನು, ಅಜ್ಜ ಅರ್ಥ ಹೇಳುವನು. ಅವ್ವ ಹರಿದ ಕೌದಿಗೆ ತೇಪೆ ಹಾಕುತ್ತ ಕೇಳುವಳು. ಅವ್ವನಿಗೆ ಅಕ್ಷರ ಬಾರದು. ಆದರೂ ನಾನು ಒಂದು ಪದ್ಯ ದಾಟಿಸಿದರೆ ಸೂಜಿ ನಿಲ್ಲಿಸಿ ತಲೆಯೆತ್ತುತ್ತಿದ್ದಳು. ಇಂದು ನಾನು ತರಗತಿಯಲ್ಲಿ ಪಾಠ ಹೇಳುವ ಕಾವ್ಯವು ಎಷ್ಟೋ ಕಾಲ ಉಳಿದು ಬಂದುದು ಇಂಥ ಕಿವಿಗಳಿಂದ.

ಬಡತನವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಹೊಸ ರಗ್ಗು ಕೊಳ್ಳಲು ಹಣವಿದ್ದರೆ ಅವ್ವ ಕಣ್ಣು ಸವೆಸಿಕೊಳ್ಳುತ್ತಿರಲಿಲ್ಲ. ಶಾಲೆಗೆ ಕಳುಹಿಸಿದ್ದರೆ ತಾನೇ ಓದಿಕೊಳ್ಳುತ್ತಿದ್ದಳು. ಮನೆಯ ಸುಖವೆಂದು ನಾವು ನೆನೆಯುವುದರ ಹಿಂದೆ ಒಬ್ಬರ ದುಡಿಮೆಯೂ ಕೈತಪ್ಪಿದ ಅವಕಾಶವೂ ಇವೆ. ಆ ಲೆಕ್ಕವನ್ನು ಮರೆಯಬಾರದು. ಬಿನ್ನಿ ಮಿಲ್ಲು ಈಗಿಲ್ಲ, ಅಲ್ಲಿ ಎತ್ತರದ ವಸತಿಕಟ್ಟಡಗಳೆದ್ದಿವೆ. ಆದರೂ ಅದರ ಕಥೆ ಕಾಗದದಲ್ಲಿ ಸಿಕ್ಕೀತು. ಮನೆ ಬದಲಿಸುವಾಗ ಹಳೆಯ ಕೌದಿಯನ್ನು ಬೀದಿಗೆಸೆದರೆ ಅದರ ಕಥೆ ಮತ್ತೆ ಸಿಗದು.

ಈ ಮಾಗಿಯಲ್ಲಿ ನಾನು ಅವ್ವನ ಎದುರು ಕೌದಿ ಹರಡಿ, ಯಾವ ತುಂಡು ಯಾರದೆಂದು ಕೇಳಿ ಬರೆದುಕೊಂಡೆ. ಇದು ಅತ್ತೆಯ ಇಳಕಲ್ಲು, ಇದು ಅಜ್ಜನ ಧೋತರ, ಇದು ನಿನ್ನ ಬಾಲ್ಯದ ಅಂಗಿ ಎಂದು ಬೆರಳಿಟ್ಟು ಹೇಳಿದಳು. ಹದಿನೇಳು ತುಂಡುಗಳಿಗೆ ಹೆಸರು ಸಿಕ್ಕಿತು. ಉಳಿದವು ಅವಳಿಗೂ ಮರೆತಿವೆ.