ಟೆಕ್ಸಾಸ್ ಡೈರಿ – 17: ಊರು ಬಿಟ್ಟು ಬಂದ ತಂಡದ ಮೊದಲ ವರ್ಷ

ಹೋದ ವಾರ ಸಾಲಾಗಿ ನೈಟ್ ಡ್ಯೂಟಿ ಇದ್ದಿದ್ದರಿಂದ ಬರೆಯಲು ಆಗಲಿಲ್ಲ. "ಡೈರಿ ಎಲ್ಲಿ?" ಅಂತ ಕೇಳಿದ ದೊಡ್ಡಮ್ಮನಿಗೆ ಮೊದಲು ಕ್ಷಮೆ ಕೇಳುತ್ತೇನೆ.

ಈ ಸಲದ ವಿಷಯ ಚಿಕ್ಕಮ್ಮನ ಮಗ ಕೊಟ್ಟಿದ್ದು. "ಅಕ್ಕಾ, 2026ರ ವಿಶ್ವಕಪ್ ಪಂದ್ಯಗಳು ಹೂಸ್ಟನ್‌ಗೂ ಡಲ್ಲಾಸ್‌ಗೂ ಸಿಕ್ಕಿವೆಯಂತೆ. ಅಲ್ಲಿ ನಮ್ಮ ಥರದ ಫುಟ್‌ಬಾಲ್ ನೋಡೋರು ಇದ್ದಾರಾ?" ಅಂತ ಕೇಳಿದ. ಇದ್ದಾರೆ ಕಣೋ. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಆಡುವ ಆಟ, ನಮ್ಮದಕ್ಕೆ ಸಾಕರ್ ಅಂತಾರೆ. ಅದರ ದೊಡ್ಡ ಲೀಗ್ ಎಂಎಲ್‌ಎಸ್. ಆಟ ಶುರುವಾಗಿದ್ದು 1996ರಲ್ಲಿ. ನೀನು ನೋಡುವ ಇಂಗ್ಲೆಂಡಿನ ಪ್ರೀಮಿಯರ್ ಲೀಗಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಕೆಟ್ಟದಾಗಿ ಆಡಿದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ, ಆದರೆ ತನ್ನ ಊರಲ್ಲೇ ಇರುತ್ತದೆ. ಇಲ್ಲಿ ಯಾರೂ ಕೆಳಗೆ ಇಳಿಯುವುದಿಲ್ಲ. ಬದಲಿಗೆ, ಮಾಲೀಕರಿಗೆ ಸರಿಬರದಿದ್ದರೆ ಚೆನ್ನಾಗಿ ಆಡಿದ ತಂಡವೂ ಗಂಟುಮೂಟೆ ಕಟ್ಟಬೇಕಾಗಬಹುದು.

ಹಾಗೆ ಗಂಟು ಕಟ್ಟಿಕೊಂಡು ಬಂದದ್ದೇ ನಮ್ಮ ಹೂಸ್ಟನ್ ಡೈನಮೊ. ಇವತ್ತು ಅದರ ಮೊದಲ ಸೀಸನ್, ಅಂದರೆ 2006ರ ಕಥೆ. ನಮಗೆಲ್ಲ 2006 ಅಂದರೆ ವಿಶ್ವಕಪ್ ಫೈನಲ್‌ನಲ್ಲಿ ಜಿದಾನ್ ತಲೆಯಿಂದ ಗುದ್ದಿದ ವರ್ಷ. ಆಗ ಮನೆಯಲ್ಲಿ ಎಲ್ಲರೂ ನಿದ್ದೆಗೆಟ್ಟು ಟಿವಿ ನೋಡಿದ್ದೆವು. ಅದೇ ವರ್ಷ ಇಲ್ಲಿ ಏನಾಗುತ್ತಿತ್ತು ಅಂತ ನನಗೆ ಗೊತ್ತಾಗಿದ್ದು, ಇಲ್ಲಿಗೆ ಬಂದು ಸುಮಾರು ದಿನ ಆದ ಮೇಲೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಊರಲ್ಲಿ ಅರ್ತ್‌ಕ್ವೇಕ್ಸ್ ಅಂತ ತಂಡವಿತ್ತು. 2001 ಮತ್ತು 2003ರಲ್ಲಿ ಎಂಎಲ್‌ಎಸ್ ಕಪ್ ಗೆದ್ದಿತ್ತು. 2005ರಲ್ಲಂತೂ ಲೀಗ್ ಹಂತದಲ್ಲಿ ಇಡೀ ದೇಶಕ್ಕೇ ಮೊದಲ ಸ್ಥಾನ. ಆದರೆ ಫುಟ್‌ಬಾಲ್‌ಗೆಂದೇ ಸ್ವಂತ ಸ್ಟೇಡಿಯಂ ಇರಲಿಲ್ಲ, ಕಟ್ಟುವ ಮಾತುಕತೆಯೂ ಹರಿಯಲಿಲ್ಲ. ಆ ಡಿಸೆಂಬರ್‌ನಲ್ಲಿ ಮಾಲೀಕ ಸಂಸ್ಥೆ ತಂಡವನ್ನು ಹೂಸ್ಟನ್‌ಗೆ ಒಯ್ಯುವುದಾಗಿ ಘೋಷಿಸಿತು. ಆಟಗಾರರು ಬಂದರು, ಕೋಚ್ ಡಾಮಿನಿಕ್ ಕಿನ್ನಿಯರ್ ಬಂದರು. ಈ ಕಿನ್ನಿಯರ್ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ, ಬೆಳೆದಿದ್ದು ಸ್ಯಾನ್ ಹೊಸೆ ಪಕ್ಕದ ಫ್ರೀಮಾಂಟ್‌ನಲ್ಲಿ. ಅಂದರೆ ಆ ಮನುಷ್ಯ ತಾನು ಬೆಳೆದ ಊರಿನ ತಂಡವನ್ನೇ ಬೇರೆ ಊರಿಗೆ ಕರೆದುಕೊಂಡು ಹೊರಟಿದ್ದರು.

ಆದರೆ ಎಲ್ಲವೂ ಬರಲಿಲ್ಲ. ಅರ್ತ್‌ಕ್ವೇಕ್ಸ್ ಅನ್ನುವ ಹೆಸರು, ಬಣ್ಣ, ಗೆದ್ದ ಕಪ್‌ಗಳ ಲೆಕ್ಕ, ಹಳೆಯ ದಾಖಲೆ ಎಲ್ಲವೂ ಸ್ಯಾನ್ ಹೊಸೆಯಲ್ಲೇ ಉಳಿಯಲಿ, ಮುಂದೆ ಅಲ್ಲಿಗೆ ತಂಡ ಬಂದರೆ ಅದಕ್ಕೇ ಸೇರಲಿ ಅಂತ ಲೀಗ್ ತೀರ್ಮಾನಿಸಿತು. 2001ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದ ಡ್ವೇನ್ ಡಿ ರೊಸಾರಿಯೊ ಹೂಸ್ಟನ್‌ಗೆ ಬಂದರೂ, ಆ ಗೋಲು ಮಾತ್ರ ಹೂಸ್ಟನ್‌ನ ಇತಿಹಾಸಕ್ಕೆ ಸೇರಲಿಲ್ಲ.

ಇನ್ನು ಹೊಸ ಊರಲ್ಲಿ ಹೊಸ ಹೆಸರು ಬೇಕಲ್ಲ? 2006ರ ಜನವರಿಯಲ್ಲಿ "ಹೂಸ್ಟನ್ 1836" ಅಂತ ಹೆಸರಿಟ್ಟರು. ಅಲೆನ್ ಸಹೋದರರು ಈ ಊರನ್ನು ಸ್ಥಾಪಿಸಿದ ವರ್ಷ ಅದು. ಆದರೆ ಟೆಕ್ಸಾಸ್ ಮೆಕ್ಸಿಕೊದಿಂದ ಸಿಡಿದು ಬೇರೆಯಾದದ್ದೂ ಅದೇ 1836ರಲ್ಲಿ. ಸ್ಯಾನ್ ಆಂಟೋನಿಯೊದ ಅಲಮೊ ಕಾಳಗ, ಆಮೇಲೆ ಹೂಸ್ಟನ್ ಹತ್ತಿರದ ಸ್ಯಾನ್ ಜಸಿಂಟೊ ಕಾಳಗ, ಎರಡೂ ಆ ವರ್ಷದವು. ನನ್ನ ವಾರ್ಡಿನಲ್ಲಿ ಮೆಕ್ಸಿಕೊ ಮೂಲದ ಸಹಾಯಕಿಯೊಬ್ಬರಿದ್ದಾರೆ, ನನಗಿಂತ ಹಿರಿಯರು. ಈ ಕಥೆ ನನಗೆ ಮೊದಲು ಹೇಳಿದ್ದು ಅವರೇ, ರಾತ್ರಿ 3 ಗಂಟೆಗೆ, ಕಾಫಿ ಕುಡಿಯುವಾಗ. "ನಮ್ಮಪ್ಪನಿಗೆ ಫುಟ್‌ಬಾಲ್ ಅಂದರೆ ಪ್ರಾಣ. ಆದರೆ ನಮ್ಮ ಸೋಲಿನ ವರ್ಷವನ್ನು ಎದೆ ಮೇಲೆ ಹಾಕಿಕೊಂಡು ತಿರುಗಲ್ಲ ಅಂದುಬಿಟ್ಟಿದ್ದರು" ಅಂದರು.

ಹಾಗೆ ಅಂದವರು ಅವರೊಬ್ಬರೇ ಅಲ್ಲ. ಹೂಸ್ಟನ್‌ನಲ್ಲಿ ಮೆಕ್ಸಿಕೊ ಮೂಲದ ಜನ ಬಹಳ, ಆಟ ನೋಡಲು ಬರಬೇಕಾದವರೂ ಅವರೇ. ಆಕ್ಷೇಪ ಜೋರಾಯಿತು. ಮಾರ್ಚ್‌ನಲ್ಲಿ, ಇನ್ನೂ ಒಂದು ಪಂದ್ಯ ಆಡುವ ಮೊದಲೇ, ಹೆಸರು "ಡೈನಮೊ" ಆಯಿತು. ಎಣ್ಣೆ, ಗ್ಯಾಸ್ ಕಂಪನಿಗಳ ಊರಿಗೆ ಶಕ್ತಿಯ ಹೆಸರು, ಜೊತೆಗೆ ಕಿತ್ತಳೆ ಬಣ್ಣ. ಯಾವ ಊರಿಗೆ ಬಂದೆವೋ ಅಲ್ಲಿನವರ ನೋವು ಯಾವುದು ಅಂತ ತಿಳಿದು ತಿದ್ದಿಕೊಂಡಿದ್ದು ನನಗೆ ಇಷ್ಟವಾಯಿತು.

ಏಪ್ರಿಲ್ 2ರಂದು ಮೊದಲ ಪಂದ್ಯ, ಹೂಸ್ಟನ್ ವಿಶ್ವವಿದ್ಯಾಲಯದ ರಾಬರ್ಟ್‌ಸನ್ ಸ್ಟೇಡಿಯಂನಲ್ಲಿ, ಕೊಲರಾಡೊ ರ‍್ಯಾಪಿಡ್ಸ್ ಎದುರು. ನೋಡಲು ಬಂದವರು 25,462 ಜನ. ಡೈನಮೊ 5-2ರಿಂದ ಗೆದ್ದಿತು. ಅದರಲ್ಲಿ 4 ಗೋಲು ಬ್ರಯಾನ್ ಚಿಂಗ್ ಒಬ್ಬರದೇ. ಅವರು ಹವಾಯಿ ದ್ವೀಪದ ಹುಡುಗ.

ಆಮೇಲಿನದೆಲ್ಲ ಅಷ್ಟು ಸುಲಭವಾಗಿರಲಿಲ್ಲ. 32 ಪಂದ್ಯಗಳಲ್ಲಿ 11 ಗೆಲುವು, 8 ಸೋಲು, 13 ಡ್ರಾ, ಒಟ್ಟು 46 ಅಂಕ. ಪಶ್ಚಿಮ ವಿಭಾಗದಲ್ಲಿ ಎರಡನೇ ಸ್ಥಾನ. ಮೊದಲ ಸ್ಥಾನ ಯಾರಿಗೆ ಗೊತ್ತಾ? 52 ಅಂಕ ಪಡೆದ ಎಫ್‌ಸಿ ಡಲ್ಲಾಸ್‌ಗೆ. ಹೂಸ್ಟನ್‌ಗೂ ಡಲ್ಲಾಸ್‌ಗೂ ಸುಮಾರು 385 ಕಿ.ಮೀ., ಹತ್ತಿರ ಹತ್ತಿರ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು. ಎರಡೂ ಊರಿನವರು ಎಲ್ಲದರಲ್ಲೂ ಜಿದ್ದಿಗೆ ಬೀಳುತ್ತಾರೆ. ಡಲ್ಲಾಸ್ ತಂಡ ಲೀಗಿನ ಮೊದಲ ವರ್ಷದಿಂದ ಇರುವ ಹಳಬ, ಡೈನಮೊ ನಿನ್ನೆ ಬಂದ ಬಾಡಿಗೆದಾರ. ಇಬ್ಬರ ನಡುವಿನ ಪಂದ್ಯಗಳ ಬಹುಮಾನ ಕಪ್ ಅಲ್ಲ, ಒಂದು ಫಿರಂಗಿ!

ನಾಕೌಟ್‌ನಲ್ಲಿ ಡಲ್ಲಾಸ್ ಕೊಲರಾಡೊಗೆ ಸೋತು ಮನೆಗೆ ಹೋಯಿತು. ಡೈನಮೊ ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ ಚಿವಾಸ್ ಯುಎಸ್‌ಎ ತಂಡವನ್ನು 3-2ರಿಂದ ದಾಟಿ, ಕೊಲರಾಡೊವನ್ನು 3-1ರಿಂದ ಸೋಲಿಸಿ ಫೈನಲ್ ತಲುಪಿತು. ಫೈನಲ್ ಎಲ್ಲಿ ಅಂದರೆ, ಡಲ್ಲಾಸ್ ಪಕ್ಕದ ಫ್ರಿಸ್ಕೊದಲ್ಲಿ, ಎಫ್‌ಸಿ ಡಲ್ಲಾಸ್‌ನ ಸ್ವಂತ ಮೈದಾನದಲ್ಲೇ!

ನವೆಂಬರ್ 12, 2006. ಎದುರಾಳಿ ನ್ಯೂ ಇಂಗ್ಲೆಂಡ್ ರೆವಲ್ಯೂಷನ್. 90 ನಿಮಿಷ ಇಬ್ಬರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಆಟದ 113ನೇ ನಿಮಿಷದಲ್ಲಿ ಟೇಲರ್ ಟ್ವೆಲ್‌ಮನ್ ಗೋಲು ಹೊಡೆದಾಗ ಎಲ್ಲ ಮುಗಿಯಿತು ಅನ್ನಿಸಿರಬೇಕು. ಮರು ನಿಮಿಷವೇ ಚಿಂಗ್ ತಲೆಯಿಂದ ಹೊಡೆದು 1-1 ಮಾಡಿದರು. ಪೆನಾಲ್ಟಿಯಲ್ಲಿ 4-3. ಜೇ ಹೀಪ್ಸ್ ಹೊಡೆದ ಕೊನೆಯ ಚೆಂಡನ್ನು ಗೋಲ್‌ಕೀಪರ್ ಪ್ಯಾಟ್ ಆನ್‌ಸ್ಟಾಡ್ ಹಾರಿ ತಡೆದರು. ಹೂಸ್ಟನ್‌ಗೆ ಬಂದ ಮೊದಲ ವರ್ಷವೇ ಕಪ್. 2007ರಲ್ಲಿ ಅದೇ ತಂಡದ ಎದುರು ಮತ್ತೊಂದು.

ಈ ಫೈನಲ್ ವಿಡಿಯೊ ನೋಡುವಾಗೆಲ್ಲ ನಾನು ಸ್ಯಾನ್ ಹೊಸೆಯ ಯಾವುದೋ ಮನೆಯ ಬಗ್ಗೆ ಯೋಚಿಸುತ್ತೇನೆ. ಹಿಂದಿನ ವರ್ಷದವರೆಗೆ "ನಮ್ಮ ಹುಡುಗರು" ಅಂದವರು ಆ ರಾತ್ರಿ ಟಿವಿ ಹಾಕಿದರೋ, ಆರಿಸಿದರೋ?

ಆಸ್ಟಿನ್ ಕಥೆಯನ್ನೂ ಇಲ್ಲೇ ಹೇಳಬೇಕು. 2017ರಲ್ಲಿ ಒಹಾಯೊದ ಕೊಲಂಬಸ್ ಕ್ರೂ ತಂಡವನ್ನು ಆಸ್ಟಿನ್‌ಗೆ ಸಾಗಿಸಲು ಅದರ ಮಾಲೀಕರು ಹೊರಟರು. ಆದರೆ ಈ ಸಲ ಕೊಲಂಬಸ್‌ನ ಜನ ಬಿಡಲಿಲ್ಲ. ಬೀದಿಗಿಳಿದರು, ಸರ್ಕಾರ ಕೋರ್ಟಿಗೆ ಹೋಯಿತು, ಕೊನೆಗೆ ಹೊಸ ಮಾಲೀಕರು ಸಿಕ್ಕಿ ತಂಡ ಅಲ್ಲೇ ಉಳಿಯಿತು. 2020ರಲ್ಲಿ ಕಪ್ಪನ್ನೂ ಗೆದ್ದಿತು. ಆಸ್ಟಿನ್‌ಗೆ ಬೇರೆಯೇ ತಂಡ ಕೊಟ್ಟರು, 2021ರಲ್ಲಿ ಆಟ ಶುರು. ಎರಡನೇ ವರ್ಷವೇ ಅದು ನಾಕೌಟ್‌ನಲ್ಲಿ ಡಲ್ಲಾಸ್ ತಂಡವನ್ನು 2-1ರಿಂದ ಸೋಲಿಸಿತು. ಯಾರ ಮನೆಯನ್ನೂ ಖಾಲಿ ಮಾಡಿಸದೆ ಬಂದ ತಂಡ ಅಂತ ನನಗೆ ಅದರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಮೊನ್ನೆ ಅಮ್ಮ ಫೋನಿನಲ್ಲಿ "ರೇಷನ್ ಕಾರ್ಡಿನಿಂದ ನಿನ್ನ ಹೆಸರು ತೆಗೆಸಿದೆವು ಕಣೇ" ಅಂದಳು. ಮಾಡಬೇಕಾದ್ದೇ, ತಪ್ಪೇನಿಲ್ಲ. ಆದರೂ ಆವತ್ತು ಡ್ಯೂಟಿಯಲ್ಲಿ ಮನಸ್ಸು ನೆಟ್ಟಗಿರಲಿಲ್ಲ. ಕಲಿತ ಕೆಲಸ ನನ್ನ ಕೈಯಲ್ಲಿ ಬಂತು, ಅದರ ಫಲ ಈ ಊರಿನ ರೋಗಿಗಳಿಗೆ ಸಿಗುತ್ತಿದೆ, ಅದರಲ್ಲಿ ನನಗೆ ಸಂತೋಷವೇ. ಆದರೆ ನಾನು ಶಾಲೆಗೆ ಹೋದ ವರ್ಷಗಳು, ಜಾತ್ರೆಯಲ್ಲಿ ಕಳೆದುಹೋಗಿ ಅಳುತ್ತಾ ನಿಂತಿದ್ದು, ಅಜ್ಜಿಗೆ ಮೊದಲ ಸಲ ಇಂಜೆಕ್ಷನ್ ಕೊಟ್ಟಿದ್ದು, ಇವು ಇಲ್ಲಿನ ಯಾವ ಕಾಗದದಲ್ಲೂ ಇಲ್ಲ. ಅವು ಅಲ್ಲೇ ಇವೆ, ನಿಮ್ಮ ಹತ್ತಿರ.

ಸ್ಯಾನ್ ಹೊಸೆಯವರು ಹೆಸರನ್ನು ಎತ್ತಿಟ್ಟುಕೊಂಡು ಎರಡು ಸೀಸನ್ ಕಾದರು. 2008ರಲ್ಲಿ ಅರ್ತ್‌ಕ್ವೇಕ್ಸ್ ಮತ್ತೆ ಆಡಿತು. ಆಟಗಾರರು ಹೊಸಬರು, ಹೆಸರು ಮಾತ್ರ ಹಳೆಯದೇ.

ಕಾರ್ಡಿನಿಂದ ತೆಗೆದರೆ ತೆಗೆಯಿರಿ ಅಮ್ಮ. ಕರೆಯುವಾಗ ಮಾತ್ರ ಹಳೆಯ ಹೆಸರಲ್ಲೇ ಕರೆಯಿರಿ.

ಮುಂದಿನ ವಾರ ಸಿಗೋಣ. ತಮ್ಮಾ, ಪಂದ್ಯದ ಟಿಕೆಟ್ ರೇಟು ಕೇಳಬೇಡ, ನನ್ನ ಬಿಪಿ ಏರುತ್ತೆ.