ವಂಶವೃಕ್ಷದ ತಂತ್ರಾಂಶ ಇನ್ನೂ ಬೀಟಾದಲ್ಲಿದೆ, ಅಜ್ಜಿ ಹೇಳಿದ್ದನ್ನು ಎಲ್ಲಿ ಬರೆದಿಡೋದು?

ಆನ್‌ಲೈನ್‌ನಲ್ಲಿ ವಂಶವೃಕ್ಷ ಮಾಡೋಕೆ ಯಾವ ತಂತ್ರಾಂಶ ಒಳ್ಳೇದು ಅಂತ ಕೇಳುವವರಿಗೆ ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ: ಬರೆದದ್ದನ್ನೆಲ್ಲ ಅದರಿಂದ ಹೊರಗೆ ತೆಗೆದುಕೊಂಡು ಬರೋಕೆ ದಾರಿ ಇದೆಯಾ? ಬಣ್ಣ, ವಿನ್ಯಾಸ, ಮೊಬೈಲ್ ಆ್ಯಪ್ ಎಲ್ಲ ಆಮೇಲಿನ ಮಾತು. ಎಂಬತ್ತೈದು ದಾಟಿದ ಅಜ್ಜಿ ತನ್ನ ತವರಿನ ನಾಲ್ಕು ತಲೆಮಾರು ಹೇಳಿದ್ದು ಒಂದು ಅಪ್‌ಡೇಟ್‌ನಲ್ಲಿ ಅಳಿಸಿಹೋದರೆ, ಎರಡನೇ ಸಲ ಕೇಳೋಕೆ ಅಜ್ಜಿ ಇರಬೇಕಲ್ಲ.

ಈ ಕ್ಷೇತ್ರದಲ್ಲಿ ‘ಮುಗಿದ’ ತಂತ್ರಾಂಶ ಅಂತ ಇರೋದೇ ಕಡಿಮೆ. ಮುಕ್ತ ತಂತ್ರಾಂಶ ‘ಗ್ರ್ಯಾಂಪ್ಸ್’ 2001ರಲ್ಲಿ ಶುರುವಾಗಿದ್ದು. ಇವತ್ತಿಗೂ ಸ್ವಯಂಸೇವಕರು ಅದರ ಕೋಡ್ ಬರೆಯುತ್ತಲೇ ಇದ್ದಾರೆ. ಬ್ರೌಸರ್‌ನಲ್ಲಿ ಮನೆಮಂದಿಯೆಲ್ಲ ಸೇರಿ ತಿದ್ದಬಹುದಾದ ಅದರ ರೂಪ ‘ಗ್ರ್ಯಾಂಪ್ಸ್ ವೆಬ್’ ಬಂದಿದ್ದು ಬಹಳ ತಡವಾಗಿ. ‘ವೆಬ್‌ಟ್ರೀಸ್’ 2010ರಲ್ಲಿ ‘ಪಿಎಚ್‌ಪಿಜೆಡ್‌ವ್ಯೂ’ ಎಂಬ ಹಳೆಯ ಯೋಜನೆಯಿಂದ ಕವಲೊಡೆದು ಬಂತು. ಆಗ ಹಳೆಯ ಬಳಕೆದಾರರು ಹೊಸ ಕಡೆಗೆ ದಾಟಲು ಸಾಧ್ಯವಾಗಿದ್ದು ಮಾಹಿತಿ ‘ಜೆಡ್‌ಕಾಮ್’ ಎಂಬ ಸಾಮಾನ್ಯ ಮಾದರಿಯಲ್ಲಿ ಇದ್ದದ್ದರಿಂದ. ಇನ್ನು ಹಣ ಕಟ್ಟುವ ದೊಡ್ಡ ಕಂಪನಿಯಾದರೆ ಭದ್ರ ಅಂದುಕೊಂಡಿದ್ದರೆ, ‘ಆ್ಯನ್ಸೆಸ್ಟ್ರಿ’ ತನ್ನ ‘ಮೈಫ್ಯಾಮಿಲಿ’ ಸೇವೆಯನ್ನು 2014ರಲ್ಲಿ ಬಾಗಿಲು ಹಾಕಿದ್ದನ್ನು ನೆನಪಿಡಿ.

ಜೆಡ್‌ಕಾಮ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಇದು ಅಮೆರಿಕದ ಮಾರ್ಮನ್ ಚರ್ಚ್ 1984ರಲ್ಲಿ ರೂಪಿಸಿದ ಸರಳ ಪಠ್ಯ ಕಡತ. ಒಬ್ಬೊಬ್ಬ ವ್ಯಕ್ತಿಗೆ ಒಂದು ದಾಖಲೆ, ಒಂದೊಂದು ಕುಟುಂಬಕ್ಕೆ ಒಂದು ದಾಖಲೆ, ಅವುಗಳ ನಡುವೆ ಕೊಂಡಿ, ಅಷ್ಟೇ. 1999ರ 5.5.1 ಕರಡಿನಲ್ಲಿ ಯುಟಿಎಫ್-8 ಬಂತು, ಅಂದರೆ ಕನ್ನಡ ಅಕ್ಷರಗಳಿಗೂ ಜಾಗ ಸಿಕ್ತು. ಆ ಕರಡು ಅಧಿಕೃತವಾಗಲು 2019 ಬೇಕಾಯ್ತು! 2021ರ 7.0 ಆವೃತ್ತಿ ಯುಟಿಎಫ್-8 ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಆದರೆ ಎಲ್ಲ ತಂತ್ರಾಂಶಗಳೂ 7.0ಕ್ಕೆ ಬಂದಿಲ್ಲ. ಹಾಗಾಗಿ ಮೊದಲ ದಿನವೇ ಒಂದು ಪರೀಕ್ಷೆ ಮಾಡಿ: ಐದಾರು ಜನರ ಹೆಸರನ್ನು ಕನ್ನಡದಲ್ಲಿ ಹಾಕಿ, ಒಂದು ಫೋಟೊ ಸೇರಿಸಿ, ಜೆಡ್‌ಕಾಮ್ ಕಡತ ಇಳಿಸಿಕೊಂಡು, ಅದನ್ನು ಬೇರೊಂದು ತಂತ್ರಾಂಶದಲ್ಲಿ ತೆರೆಯಿರಿ. ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಅಲ್ಲಿಗೇ ನಿಲ್ಲಿಸಿ. 5.5.1 ಕಡತದಲ್ಲಿ ಫೋಟೊ ಇರುವ ಜಾಗದ ವಿಳಾಸವಷ್ಟೇ ಇರುತ್ತೆ, ಫೋಟೊ ಇರಲ್ಲ. ಅದನ್ನು ಬೇರೆಯಾಗಿಯೇ ಇಳಿಸಿಕೊಳ್ಳಬೇಕು.

ಇಲ್ಲಿಂದ ಮುಂದಿನ ತೊಡಕುಗಳು ನಮ್ಮವೇ. ಸೋದರಮಾವನನ್ನು ಮದುವೆಯಾಗುವುದು ನಮ್ಮ ಅನೇಕ ಮನೆತನಗಳಲ್ಲಿ ಮಾಮೂಲು, ನಮ್ಮ ಮನೆಯಲ್ಲೂ ಇದೆ. ಆಗ ಮಗುವಿನ ತಂದೆಯ ಅಪ್ಪ-ಅಮ್ಮನೇ ತಾಯಿಗೆ ಅಜ್ಜ-ಅಜ್ಜಿ. ಪರದೆಯ ಮೇಲೆ ಒಂದೇ ಜೋಡಿ ಎರಡು ತಲೆಮಾರಿನಲ್ಲಿ ಎರಡು ಚೌಕವಾಗಿ ಕಾಣುತ್ತೆ. ‘ಡಬಲ್ ಆಗಿದೆ’ ಅಂತ ಒಂದನ್ನು ಅಳಿಸಲು ಕೈ ಹೋಗುತ್ತೆ. ಅಳಿಸಬೇಡಿ. ಚಿತ್ರ ಎರಡಾದರೂ ಒಳಗಿನ ದಾಖಲೆ ಒಂದೇ. ಒಂದು ಕಡೆ ಅಳಿಸಿದರೆ ಆ ಮನುಷ್ಯರೇ ಮಾಯ.

ದಿನಾಂಕದ್ದು ಇನ್ನೊಂದು ಕಥೆ. ಜೆಡ್‌ಕಾಮ್‌ಗೆ ಯೆಹೂದಿ ಪಂಚಾಂಗ ಗೊತ್ತು, ಫ್ರೆಂಚ್ ಕ್ರಾಂತಿಯ ಪಂಚಾಂಗವೂ ಗೊತ್ತು. ನಮ್ಮ ಸಂವತ್ಸರ ಗೊತ್ತಿಲ್ಲ. ‘ಪ್ರಭವ ಸಂವತ್ಸರ, ಶ್ರಾವಣ ಮಾಸ’ ಅಂತ ಹಿರಿಯರು ಬರೆದಿಟ್ಟಿದ್ದರೆ ಅದು 1867 ಇರಬಹುದು, 1927 ಇರಬಹುದು, 1987ರದ್ದೂ ಇರಬಹುದು. ಮಕ್ಕಳ ವಯಸ್ಸು ನೋಡಿ ಅಂದಾಜು ಮಾಡಿ ‘ಸುಮಾರು 1927’ ಅಂತ ಹಾಕಿ, ಮೂಲದ ಮಾತನ್ನು ಟಿಪ್ಪಣಿಯಲ್ಲಿ ಇದ್ದ ಹಾಗೇ ಬರೆಯಿರಿ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಅನ್ನೋದೂ ಇರಲಿ. ಎತ್ತಿನ ಮೇಲೆ ಊರೂರಿಗೆ ಬಂದು ವಂಶಾವಳಿ ಹಾಡಿ ಹೇಳುತ್ತಿದ್ದ ಹೆಳವರ ಕಂಠಪಾಠಕ್ಕೆ ನಮ್ಮಲ್ಲಿ ಸಂವತ್ಸರದ ನಿಖರತೆಗಿಂತ ಹೆಚ್ಚು ಬೆಲೆ ಇತ್ತು ಅಂತ ನನಗನ್ನಿಸುತ್ತೆ.

ಈಗ ಅಪಾಯದ ಮಾತು. ಅಭಿವೃದ್ಧಿ ಹಂತದ ತಂತ್ರಾಂಶದಲ್ಲಿ ಲೋಪ ಇರುವುದು ಸಹಜ, ಅದು ಬರೀ ಕಾಗುಣಿತದ ಲೋಪ ಆಗಿರಬೇಕಿಲ್ಲ. ಬದುಕಿರುವವರ ಜನ್ಮದಿನ, ತಾಯಿಯ ತವರಿನ ಹೆಸರು ಒಂದೇ ಕಡೆ ಇದ್ದರೆ ವಂಚಕರಿಗೆ ಅಷ್ಟು ಸಾಕು. ‘ಮೈಹೆರಿಟೇಜ್’ನ 9.2 ಕೋಟಿ ಬಳಕೆದಾರರ ಇಮೇಲ್ ವಿಳಾಸಗಳು ಸೋರಿಹೋಗಿದ್ದು 2018ರಲ್ಲಿ ಬೆಳಕಿಗೆ ಬಂತು. ಅದು ಬೀಟಾ ಅಲ್ಲ, ಪೂರ್ಣಪ್ರಮಾಣದ ಸೇವೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಂದರೆ ಅತ್ತೆಯ ವಿವರ ನೀವು ಮನೆಯ ಮರಕ್ಕೆ ಹಾಕಿದ್ದಕ್ಕೆ ಅತ್ತೆಗೆ ಈ ಕಾಯ್ದೆಯ ರಕ್ಷೆ ಸಿಗೋದು ಕಷ್ಟ. ಕೇಳಿಯೇ ಹಾಕಿ. ಬದುಕಿರುವವರನ್ನೆಲ್ಲ ‘ಖಾಸಗಿ’ ಎಂದು ಗುರುತು ಮಾಡಿ, ಆಮೇಲೆ ಲಾಗೌಟ್ ಆಗಿ ಹೊರಗಿನವರ ಕಣ್ಣಿಂದ ಒಮ್ಮೆ ನೋಡಿ.

ದತ್ತು ಹೋದವರು, ಎರಡನೇ ಮದುವೆ, ಬಿಟ್ಟುಹೋದ ಸಂಬಂಧ: ಇವನ್ನು ಬರೆಯಬೇಕೋ ಬೇಡವೋ ಅನ್ನೋದು ತಂತ್ರಾಂಶದ ಪ್ರಶ್ನೆ ಅಲ್ಲವೇ ಅಲ್ಲ. ಮನೆಯಲ್ಲಿ ಆಸ್ತಿ ವ್ಯಾಜ್ಯ ನಡೀತಿದ್ದರಂತೂ ಪ್ರತಿ ಚೌಕಕ್ಕೂ ಅರ್ಥ ಹುಟ್ಟುತ್ತೆ. ಹಾಗಂತ ಈ ಪ್ರಿಂಟ್‌ಔಟ್ ಹಿಡಿದು ಪೌತಿ ಖಾತೆಗೆ ಹೋದರೆ ನಡೆಯಲ್ಲ, ಅಲ್ಲಿ ಬೇಕಿರೋದು ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ದೃಢೀಕರಣ.

ನಾನು ಪಾಲಿಸುವ ಕ್ರಮ ಸರಳ: ಹೊಸ ಆವೃತ್ತಿಗೆ ಏರುವ ಮುನ್ನ ಒಂದು ಬ್ಯಾಕಪ್, ತಿಂಗಳಿಗೊಂದು ಜೆಡ್‌ಕಾಮ್ ಕಡತ, ಫೋಟೊಗಳಿಗೆ ಬೇರೆ ಹಾರ್ಡ್‌ಡಿಸ್ಕ್. ಗ್ರ್ಯಾಂಪ್ಸ್‌ನಂಥವುಗಳಲ್ಲಿ ಹೊಸ ಆವೃತ್ತಿಗೆ ಬದಲಾದ ದತ್ತಾಂಶವನ್ನು ಹಳೆಯ ಆವೃತ್ತಿ ಮತ್ತೆ ತೆರೆಯುವುದಿಲ್ಲ, ಅದಕ್ಕೇ ಈ ಜಾಗ್ರತೆ. ಅಜ್ಜಿ ಮಾತಾಡಿದ್ದರ ಧ್ವನಿಮುದ್ರಣವನ್ನು ಮಾತ್ರ ಯಾವ ತಂತ್ರಾಂಶಕ್ಕೂ ಹಾಕಿಲ್ಲ. ಅದರ ಮೂರು ಪ್ರತಿ ಮೂರು ಮನೆಗಳಲ್ಲಿವೆ.