ಮುಖದಲ್ಲಿ ಹುಡುಕಿದರೆ ಸಿಗದ ಸೂಚನೆ: ‘ಆರ್ಡಿನರಿ ಪೀಪಲ್’ ಚಿತ್ರದ ಒಂದು ಭೇಟಿ ಕುರಿತು

ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶನದ ‘ಆರ್ಡಿನರಿ ಪೀಪಲ್’ (1980) ಜೂಡಿತ್ ಗೆಸ್ಟ್ ಅವರ 1976ರ ಕಾದಂಬರಿಯನ್ನು ಆಧರಿಸಿದ ಚಿತ್ರ. ಕಥೆ ನಡೆಯುವುದು ಶಿಕಾಗೋ ಬಳಿಯ ಲೇಕ್ ಫಾರೆಸ್ಟ್‌ನ ಅನುಕೂಲಸ್ಥ ಕುಟುಂಬವೊಂದರಲ್ಲಿ. ದೋಣಿ ಅಪಘಾತದಲ್ಲಿ ಅಣ್ಣ ತೀರಿಹೋಗಿದ್ದಾನೆ. ತಮ್ಮ ಕಾನ್ರಾಡ್ ಆತ್ಮಹತ್ಯೆಗೆ ಪ್ರಯತ್ನಿಸಿ, ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದ್ದಾನೆ. ಅದೇ ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಕ್ಯಾರನ್‌ಳನ್ನು ಅವನು ಒಂದು ದಿನ ಭೇಟಿಯಾಗುತ್ತಾನೆ. ಕೆಲವೇ ನಿಮಿಷಗಳ ಈ ದೃಶ್ಯದಲ್ಲಿ ಅವಳು ನಗುತ್ತಾಳೆ, ಶಾಲೆಯ ನಾಟಕ ತಂಡದ ಕೆಲಸ ಹೇಳಿಕೊಳ್ಳುತ್ತಾಳೆ, ಲವಲವಿಕೆಯಿಂದಿರು ಎಂದು ಅವನಿಗೇ ಧೈರ್ಯ ತುಂಬಿ ಹೊರಡುತ್ತಾಳೆ. ಬಹಳ ಹೊತ್ತಿನ ನಂತರ, ಕಾನ್ರಾಡ್ ಅವಳ ಮನೆಗೆ ಫೋನ್ ಮಾಡಿದಾಗ, ಅವಳು ಆತ್ಮಹತ್ಯೆ ಮಾಡಿಕೊಂಡಿರುವುದು ಗೊತ್ತಾಗುತ್ತದೆ.

ನಗುಮುಖದ ಹಿಂದೆ ನೋವು ಅಡಗಿತ್ತು ಎಂದು ಈ ದೃಶ್ಯವನ್ನು ಓದುವುದು ಸುಲಭ. ಆ ಓದು ಸಾಲದು ಎಂಬುದು ನನ್ನ ವಾದ. ನಗುವನ್ನೇ ಶಂಕಿಸುತ್ತ ಹೋದರೆ ಯಾರ ನಗುವನ್ನೂ ನಂಬಲಾಗದು, ಆದರೂ ಯಾರನ್ನೂ ಉಳಿಸಿಕೊಂಡಂತಾಗದು. ದೃಶ್ಯವನ್ನು ಮತ್ತೆ ನೋಡಿದಾಗ ಸೂಚನೆಗಳು ಸಿಗುವುದು ಅವಳ ಮುಖದಲ್ಲಿ ಅಲ್ಲ, ಅವಳು ಕೊಡುವ ಸುದ್ದಿಯಲ್ಲಿ. ತಾನು ಈಗ ವೈದ್ಯರ ಬಳಿ ಹೋಗುತ್ತಿಲ್ಲ ಎನ್ನುತ್ತಾಳೆ. ತನಗೆ ತಾನೇ ಸಹಾಯ ಮಾಡಿಕೊಳ್ಳಬೇಕು ಎನ್ನುತ್ತಾಳೆ. ಅದು ತಂದೆಯ ಮಾತು ಎಂದೂ ಸೇರಿಸುತ್ತಾಳೆ. ಆಸ್ಪತ್ರೆಯಲ್ಲಿ ಯಾರೂ ಏನನ್ನೂ ಮುಚ್ಚಿಡುತ್ತಿರಲಿಲ್ಲ ಎಂದು ಕಾನ್ರಾಡ್ ಆ ದಿನಗಳನ್ನು ನೆನೆಯಲು ಹೊರಟರೆ ಅವಳು ಮಾತು ಬೆಳೆಯಲು ಬಿಡುವುದಿಲ್ಲ. ಹೊರಡುವ ಅವಸರವೂ ಇದೆ. ಚಿಕಿತ್ಸೆ ನಿಂತಿದೆ, ನೆರವು ಕೇಳುವುದು ದೌರ್ಬಲ್ಯ ಎಂಬ ಭಾವ ಮನೆಯಲ್ಲಿ ಇದ್ದಂತಿದೆ, ಮನಸ್ಸು ಬಿಚ್ಚಬಹುದಾಗಿದ್ದ ಒಬ್ಬನೇ ಗೆಳೆಯನ ಜೊತೆಗೂ ಆ ವಿಷಯ ಮುಗಿದುಹೋಗಿದೆ. ಇದಿಷ್ಟೂ ಬಾಯಿಮಾತಿನಲ್ಲೇ ಬಂದಿದೆ. ಕಾನ್ರಾಡ್‌ಗೂ ನಮಗೂ ಅದು ಸಭ್ಯ ಹರಟೆಯಾಗಿ ಮಾತ್ರ ಕೇಳಿಸುತ್ತದೆ.

ಸಂಶೋಧನೆ ಹೇಳುವುದೂ ಇದಕ್ಕೆ ಹತ್ತಿರವಾಗಿದೆ. ಎಲಿ ರಾಬಿನ್ಸ್ ಮತ್ತು ಸಂಗಡಿಗರು ಅಮೆರಿಕದ ಸೇಂಟ್ ಲೂಯಿಯಲ್ಲಿ 134 ಆತ್ಮಹತ್ಯೆಗಳನ್ನು ಅಧ್ಯಯನ ಮಾಡಿ 1959ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸತ್ತವರಲ್ಲಿ ಶೇ 69ರಷ್ಟು ಜನ ತಮ್ಮ ಯೋಚನೆಯನ್ನು ಯಾವುದೋ ರೀತಿಯಲ್ಲಿ ಯಾರಿಗಾದರೂ ತಿಳಿಸಿದ್ದರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಮರ್ಶೆಯಲ್ಲಿ ಈ ಪ್ರಮಾಣ ಶೇ 44.5ಕ್ಕೆ ಇಳಿಯಿತು. ಎರಡನ್ನೂ ಜೊತೆಗಿಟ್ಟು ನೋಡಬೇಕು: ಹೇಳಿದವರು ಬಹಳ ಮಂದಿ, ಹೇಳದೆ ಹೋದವರೂ ಬಹಳ ಮಂದಿ. ಎಲ್ಲ ಗೊತ್ತಿದ್ದೂ ಮನೆಯವರು ಸುಮ್ಮನಿದ್ದರು ಎಂದು ದೂರುವವರು ಈ ಎರಡನೇ ಸಂಖ್ಯೆಯನ್ನು ಮರೆಯಬಾರದು. ಆಸ್ಪತ್ರೆಯಲ್ಲಿದ್ದಾಗ ಅಥವಾ ಬಿಡುಗಡೆಯಾದ ಕೂಡಲೇ ಆತ್ಮಹತ್ಯೆ ಮಾಡಿಕೊಂಡ 76 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ 2003ರ ಅಧ್ಯಯನವೊಂದು ಇನ್ನೂ ಕಠಿಣವಾದದ್ದನ್ನು ಮುಂದಿಡುತ್ತದೆ. ಕೊನೆಯ ಬಾರಿ ಕೊಟ್ಟ ಉತ್ತರ ದಾಖಲಾಗಿದ್ದವರಲ್ಲಿ ಶೇ 78 ಮಂದಿ ಅಂಥ ಯೋಚನೆಯೇ ಇಲ್ಲ ಎಂದಿದ್ದರು. ಆದರೆ ತೀವ್ರ ಆತಂಕ, ಚಡಪಡಿಕೆ ಹೆಚ್ಚಿನವರಲ್ಲಿ ಕಂಡಿತ್ತು.

ಕ್ಯಾರನ್ ಮತ್ತು ಕಾನ್ರಾಡ್ ಇಬ್ಬರೂ ಆಸ್ಪತ್ರೆಯಿಂದ ಮನೆಗೆ ಬಂದವರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಮನೋವೈದ್ಯಕೀಯ ಆಸ್ಪತ್ರೆಯಿಂದ ಹೊರಬಂದ ಮೊದಲ ಮೂರು ತಿಂಗಳು ಅತ್ಯಂತ ಅಪಾಯದ ಕಾಲವೆಂದು 100 ಅಧ್ಯಯನಗಳನ್ನು ಒಳಗೊಂಡ 2017ರ ವಿಶ್ಲೇಷಣೆಯೊಂದು ತೋರಿಸಿದೆ. ಮನೆಯವರ ಲೆಕ್ಕದಲ್ಲಿ ಬಿಡುಗಡೆ ಎಂದರೆ ಗುಣವಾದಂತೆ. ರೆಡ್‌ಫೋರ್ಡ್ ಈ ಅಂತರವನ್ನು ಚೆನ್ನಾಗಿ ಗ್ರಹಿಸಿದ್ದಾರೆ. ಕಾನ್ರಾಡ್‌ಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಈಜು ತಂಡವನ್ನು ಬಿಟ್ಟಿದ್ದಾನೆ. ತಂಡ ಬಿಟ್ಟ ಸುದ್ದಿ ತಾಯಿಗೆ ತಲುಪುವುದು ಹೊರಗಿನವರಿಂದ. ನಮ್ಮಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ತೆಗೆದ ‘ಶರಪಂಜರ’ ಆತ್ಮಹತ್ಯೆಯ ಚಿತ್ರವಲ್ಲ. ಆದರೂ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆ ಮತ್ತು ಊರು ಹೇಗೆ ಮತ್ತೆ ಕುಸಿಯುವಂತೆ ಮಾಡುತ್ತವೆ ಎಂಬುದನ್ನು ಅಷ್ಟು ನೇರವಾಗಿ ತೋರಿಸಿದ ಕಾರಣ ಈ ಚರ್ಚೆಯಲ್ಲಿ ಅದಕ್ಕೆ ಸ್ಥಾನವಿದೆ.

ಹೆಚ್ಚಿನ ಚಿತ್ರಗಳ ದಾರಿ ಬೇರೆ. ‘ಡೆಡ್ ಪೊಯೆಟ್ಸ್ ಸೊಸೈಟಿ’ (1989) ವಿದ್ಯಾರ್ಥಿ ನೀಲ್‌ನ ಕೊನೆಯ ರಾತ್ರಿಯನ್ನು ಸಂಗೀತ, ಮೌನ, ನಿಧಾನಗತಿಯಿಂದ ವಿಧಿಯಂತೆ ಸಿಂಗರಿಸುತ್ತದೆ. ನನಗೆ ಅದಕ್ಕಿಂತ ಬೆಲೆಯುಳ್ಳದ್ದು ಅದರ ಹಿಂದಿನ ಗಳಿಗೆ: ತನಗೆ ಏನನ್ನಿಸುತ್ತದೆಂದು ಹೇಳಲು ಹೊರಟ ಹುಡುಗ, ತಂದೆ ಗದರಿಸಿ ಕೇಳಿದಾಗ, ಏನೂ ಇಲ್ಲ ಎಂದು ಕುಳಿತುಬಿಡುತ್ತಾನೆ. ‘13 ರೀಸನ್ಸ್ ವೈ’ (2017) ಸರಣಿಯಲ್ಲಿ ಸೂಚನೆಗಳೆಲ್ಲ ಸಾವಿನ ನಂತರದ ಆರೋಪಪಟ್ಟಿಯಾಗಿ ಬರುತ್ತವೆ. ಅದು ಬಿಡುಗಡೆಯಾದ ಮರುತಿಂಗಳು ಅಮೆರಿಕದ 10ರಿಂದ 17 ವಯಸ್ಸಿನವರಲ್ಲಿ ಆತ್ಮಹತ್ಯೆ ಪ್ರಮಾಣ ಶೇ 28.9ರಷ್ಟು ಏರಿತ್ತು ಎಂದು ಒಂದು ಅಧ್ಯಯನ ಹೇಳಿತು. ಅದೇ ಅಂಕಿಅಂಶಗಳನ್ನು ಮರುಪರಿಶೀಲಿಸಿದ ಇನ್ನೊಬ್ಬ ಸಂಶೋಧಕರು ಈ ತೀರ್ಮಾನವನ್ನು ಒಪ್ಪಲಿಲ್ಲ. ಏನೇ ಇರಲಿ, ಸಾವಿನ ದೃಶ್ಯವನ್ನು ನೆಟ್‌ಫ್ಲಿಕ್ಸ್ 2019ರಲ್ಲಿ ತೆಗೆದುಹಾಕಿದ್ದು ಸರಿಯಾದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಚಿತ್ರ ಮತ್ತು ರಂಗಭೂಮಿಯವರಿಗೆಂದೇ ಕೈಪಿಡಿಯನ್ನು ಹೊರತಂದದ್ದೂ ಅದೇ ವರ್ಷ.

ಕ್ಯಾರನ್‌ಳ ಸಾವನ್ನು ರೆಡ್‌ಫೋರ್ಡ್ ತೋರಿಸುವುದಿಲ್ಲ. ಅವರು ತೋರಿಸುವುದು ಆ ಸುದ್ದಿ ಕೇಳಿದ ಕಾನ್ರಾಡ್ ರಾತ್ರಿಯಲ್ಲೇ ತನ್ನ ಮನೋವೈದ್ಯ ಬರ್ಗರ್‌ಗೆ ಫೋನ್ ಮಾಡುವುದನ್ನು, ಬರ್ಗರ್ ಬಂದು ಬಾಗಿಲು ತೆರೆಯುವುದನ್ನು. ಕಷ್ಟದ ಗಳಿಗೆಯಿಂದ ಪಾರಾದವರ ಕಥೆಗಳು ರಕ್ಷಣೆ ನೀಡಬಲ್ಲವು ಎಂಬ ವಾದವನ್ನು ವಿಯೆನ್ನಾದ ಥಾಮಸ್ ನೀಡರ್‌ಕ್ರೊಟೆಂಥಾಲರ್ ಮತ್ತು ಸಂಗಡಿಗರು 2010ರಲ್ಲಿ ಮುಂದಿಟ್ಟರು. ಮೊಟ್ಸಾರ್ಟ್ ಅವರ ‘ದ ಮ್ಯಾಜಿಕ್ ಫ್ಲೂಟ್’ನಲ್ಲಿ ಸಾವಿನ ಯೋಚನೆಯಿಂದ ಹಿಂದೆ ಸರಿಯುವ ಪಾಪಗೆನೊನ ಹೆಸರನ್ನೇ ಈ ಪರಿಣಾಮಕ್ಕೆ ಇಟ್ಟರು. ಬರ್ಗರ್ ದೃಶ್ಯ ಆ ಗುಂಪಿಗೆ ಸೇರಬೇಕಾದದ್ದು. ಕಾನ್ರಾಡ್‌ನನ್ನು ಅವನು ನೇರವಾಗಿ ಕೇಳುತ್ತಾನೆ, ಮತ್ತೆ ಮತ್ತೆ ಕೇಳುತ್ತಾನೆ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ಶಾಲಾ ವಿದ್ಯಾರ್ಥಿಗಳ ಅಧ್ಯಯನ ಅದನ್ನು ಪರೀಕ್ಷಿಸಿಯೇ ನೋಡಿತು. ಕೇಳಿದ ಮೇಲೆ ಮುಂದೇನು ಎಂಬ ಅಳುಕಿದ್ದವರಿಗೆ, ಸ್ವತಃ ಆ ಯೋಚನೆಯಲ್ಲಿ ನಲುಗುತ್ತಿರುವವರಿಗೆ, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಹಗಲು ರಾತ್ರಿ ಉಚಿತವಾಗಿ ಸಿಗುವ ಈ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.